ಸಹಾಯ ಬೇಕು: ಹೊಸ ಸರ್ವರ್‌ನಲ್ಲಿ ಹಳೆಯ ಕನ್ನಡ ಬರಹಗಳು ಕೆಟ್ಟಿವೆ

ಎಲ್ಲರಿಗೂ ನಮಸ್ಕಾರ. 2024ರ ಜೂನ್‌ನಲ್ಲೇ ಬೆಂಬಲ ನಿಂತುಹೋದ ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಸರ್ವರ್‌ನಿಂದ ನಮ್ಮ ಜಾನಪದ ಜಾಲತಾಣವನ್ನು ಇನ್ನೊಂದು ಲಿನಕ್ಸ್ ಆದ ಉಬುಂಟು 24.04ಕ್ಕೆ ಸ್ಥಳಾಂತರಿಸಿದ್ದೇನೆ. ಕಡತಗಳು ಆರ್‌ಸಿಂಕ್‌ನಲ್ಲಿ (ಕಡತ ನಕಲಿಸುವ ಸಾಧನ) ಸರಿಯಾಗಿ ಬಂದವು. ಮೈಎಸ್‌ಕ್ಯೂಎಲ್ ಡಂಪ್ (ಬರಹಗಳಿರುವ ಡೇಟಾಬೇಸ್‌ನ ಪೂರ್ತಿ ನಕಲು ಕಡತ) ತುಂಬುವಾಗಲೂ ಒಂದೇ ಒಂದು ದೋಷ ತೋರಿಸಲಿಲ್ಲ. ಆದರೆ ಪುಟ ತೆರೆದರೆ ‘ಕ’ ಇರಬೇಕಾದಲ್ಲಿ ತಲೆಯ ಮೇಲೆ ಗೀಟಿರುವ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಪುಟ್ಟ 2, ಆಮೇಲೊಂದು ದಪ್ಪ ಚುಕ್ಕೆ! ಊರೂರು ಸುತ್ತಿ ಅಜ್ಜಿಯರಿಂದ ಬರೆದುಕೊಂಡ ಸೋಬಾನೆ ಪದಗಳು ಹೀಗಾಗಿರುವುದನ್ನು ನೋಡಿ ಸಂಕಟವಾಗುತ್ತಿದೆ.

ತಾಣದ ಹಳೆಯ ಪಿಎಚ್‌ಪಿ ಕೋಡ್ ಲ್ಯಾಟಿನ್1 (ಪಶ್ಚಿಮ ಯುರೋಪಿನ ಅಕ್ಷರಗಳಿಗಷ್ಟೇ ಇರುವ ಸಂಕೇತ ಪದ್ಧತಿ) ಸಂಪರ್ಕದಲ್ಲಿ ಯುಟಿಎಫ್8 (ಕನ್ನಡವನ್ನೂ ಹಿಡಿಸುವ ಸಂಕೇತ ಪದ್ಧತಿ) ಕೋಷ್ಟಕಕ್ಕೆ ಬರೆಯುತ್ತಿತ್ತು, ಹಾಗಾಗಿ ಪಠ್ಯ ಎರಡೆರಡು ಸಲ ಎನ್‌ಕೋಡ್ ಆಗಿದೆ, ಅಂದರೆ ಸಂಕೇತಕ್ಕೆ ಬದಲಾಗಿದೆ. ಸಂಪರ್ಕವನ್ನು ಮತ್ತೆ ಲ್ಯಾಟಿನ್1 ಮಾಡಿದರೆ ಹಳೆಯವು ಸರಿಯಾಗುತ್ತವೆ, ಆದರೆ ಸ್ಥಳಾಂತರದ ನಂತರ ಸೇರಿಸಿದ 40 ಬರಹಗಳು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಡೇಟಾಬೇಸ್‌ನ ಒಂದು ನಕಲಿನ ಮೇಲೆ ಪಠ್ಯವನ್ನು ಲ್ಯಾಟಿನ್1ಕ್ಕೆ, ಅಲ್ಲಿಂದ ಬೈನರಿಗೆ (ಬರೀ ಬೈಟ್‌ಗಳಿಗೆ), ಕೊನೆಗೆ ಯುಟಿಎಫ್8ಎಂಬಿ4ಕ್ಕೆ (ಮೈಎಸ್‌ಕ್ಯೂಎಲ್‌ನ ಪೂರ್ಣ ಯುಟಿಎಫ್8) ಪರಿವರ್ತಿಸುವ ಅಪ್‌ಡೇಟ್ ಆದೇಶ ಓಡಿಸಿದೆ. ಆಗಲೂ ಹೊಸವೇ ಹಾಳಾದವು.

ದಿನಾಂಕ ನೋಡಿ ಬೇರ್ಪಡಿಸುವಂತಿಲ್ಲ, ಏಕೆಂದರೆ ಕೆಲವು ಹಳೆಯ ಬರಹಗಳನ್ನು ಹೊಸ ಸರ್ವರ್‌ನಲ್ಲಿ ಪೂರ್ತಿಯಾಗಿ ಮರುಟೈಪ್ ಮಾಡಿದ್ದೇವೆ. ಎರಡು ಸಲ ಎನ್‌ಕೋಡ್ ಆದ ಸಾಲುಗಳನ್ನು ಮಾತ್ರ ಆರಿಸಲು ಆ ಅಪ್‌ಡೇಟ್‌ನ ‘ವೇರ್’ (WHERE) ಷರತ್ತಿನಲ್ಲಿ ಏನು ಬರೆಯಬೇಕು?