ವೇಕ್‌ಬೋರ್ಡ್‌ನಿಂದ ಜೋರಾಗಿ ಬಿದ್ದ ಮೇಲೆ ಕೈ, ಕುತ್ತಿಗೆ, ಪಕ್ಕೆ ಎಲ್ಲಾ ನೋವು: ಯಾವುದು ಮಾಮೂಲಿ, ಯಾವುದಕ್ಕೆ ಡಾಕ್ಟರ್?

ಕುಕ್ಕರಹಳ್ಳಿ_ಹುಡುಗ (ಒರ್ಲಾಂಡೊ)

ಎಲ್ಲರಿಗೂ ನಮಸ್ಕಾರ. ಈ ಸೀಸನ್‌ನಲ್ಲಿ ಸ್ನೇಹಿತನ ಬೋಟ್ ಹಿಂದೆ ವೇಕ್‌ಬೋರ್ಡಿಂಗ್ (ಎರಡೂ ಕಾಲು ಒಂದು ಹಲಗೆಗೆ ಕಟ್ಟಿ, ಬೋಟ್ ಎಳೆಯೋ ಹಗ್ಗ ಹಿಡಿದು ನೀರಿನ ಮೇಲೆ ಜಾರೋ ಆಟ) ಕಲೀತಾ ಇದೀನಿ. ಎದ್ದು ನಿಲ್ಲೋದು ಬಂತು, ವೇಕ್ (ಬೋಟ್ ಹಿಂದೆ ಎರಡೂ ಬದಿ ಏಳೋ ಅಲೆ) ದಾಟಿ ಆಚೆ ಹೋಗಿ ಬರೋದೂ ಬಂತು. ಶನಿವಾರ ಒಂದು ವೇಕ್‌ನಿಂದ ಇನ್ನೊಂದಕ್ಕೆ ಹಾರೋಕೆ ನೋಡಿದೆ. ನೆಗೆತ ಚೆನ್ನಾಗೇ ಇತ್ತು. ಇಳಿದ ತಕ್ಷಣ ಹಿಮ್ಮಡಿ ಕಡೆ ಅಂಚು ನೀರಿಗೆ ಕಚ್ಚಿಕೊಂಡು ಅಂಗಾತ ಬಿದ್ದೆ. ತಲೆ ಹಿಂಭಾಗ, ಎಡಗಿವಿ, ಎಡ ಪಕ್ಕೆ ಒಟ್ಟಿಗೇ ನೀರಿಗೆ ಬಡಿದವು. ಬೋಟ್ ಗಂಟೆಗೆ 23 ಮೈಲಿ ವೇಗದಲ್ಲಿತ್ತು, ಹಗ್ಗ 65 ಅಡಿ.

ಇವತ್ತು ಸೋಮವಾರ. ಮುಂಗೈ ಎಷ್ಟು ಬಿಗಿದುಕೊಂಡಿದೆ ಅಂದ್ರೆ ನೀರಿನ ಬಾಟಲಿ ಮುಚ್ಚಳ ತಿರುಗಿಸೋಕೆ ಆಗ್ತಿಲ್ಲ. ಕಾರ್ ರಿವರ್ಸ್ ತೆಗೆಯುವಾಗ ಕುತ್ತಿಗೆ ತಿರುಗಲ್ಲ, ಇಡೀ ಮೈ ತಿರುಗಿಸಬೇಕು. ಸೀನಿದ್ರೆ ಪಕ್ಕೆಯಲ್ಲಿ ಚಳಕ್ ಅನ್ನತ್ತೆ. ಅಮ್ಮ ವಿಡಿಯೋ ಕಾಲ್‌ನಲ್ಲಿ ಹರಳೆಣ್ಣೆ ಹಚ್ಚಿ ಉಪ್ಪಿನ ಶಾಖ ಕೊಡು ಅಂತಿದಾರೆ. ಊರಿಂದ ತಂದ ಡೋಲೊ 650 ಇದೆ, ಇಲ್ಲಿನ ಐಬುಪ್ರೊಫೆನ್ನೂ ಇದೆ. ಯಾವುದು ತಗೊಳ್ಳಲಿ? ಬರೋ ಶನಿವಾರಕ್ಕೆ ಸರಿಹೋಗತ್ತಾ?

ಅಂದಹಾಗೆ ಎಡಗಿವಿಗೆ ನೀರು ಹೋಗಿದೆ ಅನ್ಸತ್ತೆ, ಮುಚ್ಚಿಕೊಂಡ ಹಾಗಿದೆ. ಸ್ಕ್ರೀನ್ ಜಾಸ್ತಿ ಹೊತ್ತು ನೋಡಿದ್ರೆ ತಲೆ ಭಾರ. ಅದು ನಿದ್ದೆಗೆಟ್ಟಿದ್ದಕ್ಕೇ ಇರಬೇಕು.

ಉಣಕಲ್_ಆಸ್ಟಿನ್

ಮುಂಗೈ ನೋವಿಗೆ ಹೆದರಬ್ಯಾಡ್ರಿ. ಅದು ಬಿದ್ದದ್ದಕ್ಕ ಬಂದ ನೋವಲ್ಲ, ಹ್ಯಾಂಡಲ್ ಬಿಗಿಯಾಗಿ ಹಿಡಿದದ್ದಕ್ಕ ಬಂದದ್ದು. ಹೊಸಬರೆಲ್ಲ ಮೊಣಕೈ ಮಡಚಿ ಬೋಟ್ ಜೋಡಿ ಹಗ್ಗಜಗ್ಗಾಟ ಆಡ್ತಾರ. ಬೋಟ್ ಗೆಲ್ತೈತಿ, ನಿಮ್ಮ ತೋಳು ಸೋಲ್ತಾವ. ಕೈ ನೀಟ ಚಾಚಿ, ಹ್ಯಾಂಡಲ್ ಸೊಂಟದ ಎತ್ತರಕ್ಕ ಇಟ್ಟು, ಭಾರ ಕಾಲಿನ ಮ್ಯಾಲೆ ಹಾಕ್ರಿ. ಇಂಥ ಸ್ನಾಯು ನೋವು ಎರಡನೇ, ಮೂರನೇ ದಿನ ಜೋರಾಗಿ ಆಮ್ಯಾಲೆ ತಾನ ಇಳೀತೈತಿ.

ಆದ್ರ 23 ಮೈಲಿ? ಕಲಿಯೋ ಹೊತ್ತಿನಾಗ? ಬೋಟ್ ಯಾರು ಓಡಿಸಿದ್ರು? ವಿಡಿಯೋ ಇದ್ರ ಹಾಕ್ರಿ.

ಫಿಸಿಯೊ_ಶಿವಮೊಗ್ಗ (ಮೆಲ್ಬರ್ನ್)

ನೀವು "ಅಂದಹಾಗೆ" ಅಂತ ಕೊನೆಯಲ್ಲಿ ಬರೆದಿದೀರಲ್ಲ, ನನಗೆ ಮುಖ್ಯವಾಗಿ ಕಾಣ್ತಿರೋದು ಅದೇ. ಮುಂಗೈ ಆಮೇಲೆ ನೋಡೋಣ.

ತಲೆಗೆ ಏಟು ಬಿದ್ದು ಎರಡು ದಿನವಾದ ಮೇಲೂ ಸ್ಕ್ರೀನ್ ನೋಡಿದ್ರೆ ತಲೆ ಭಾರ ಆಗ್ತಿದೆ ಅಂದ್ರೆ ಕನ್ಕಷನ್ (ಏಟಿಗೆ ಮೆದುಳು ಅಲುಗಾಡಿ ಆಗೋ ತೊಂದರೆ) ಅಂತಲೇ ಹಿಡಿದು ನಡೀಬೇಕು, ಡಾಕ್ಟರ್ ಅಲ್ಲ ಅನ್ನೋವರೆಗೂ. ಪ್ರಜ್ಞೆ ತಪ್ಪಿರಲೇಬೇಕು ಅಂತೇನಿಲ್ಲ, ಬಹಳಷ್ಟು ಜನಕ್ಕೆ ತಪ್ಪಿರೋದೇ ಇಲ್ಲ. ನೀರಿನ ಸ್ಕೀಯಿಂಗ್‌ನಲ್ಲಿ ಹೆಚ್ಚಾಗಿ ಕಾಲು, ಸೊಂಟ ಉಳುಕುತ್ತೆ. ವೇಕ್‌ಬೋರ್ಡ್‌ನಲ್ಲಿ ತಲೆ, ಮುಖಕ್ಕೆ ಬೀಳೋ ಪೆಟ್ಟು ಜಾಸ್ತಿ. ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುತ್ತೆ, ಅಂಚು ಸಿಕ್ಕಿದ ತಕ್ಷಣ ಇಡೀ ಮೈ ಚಾಟಿ ಬೀಸಿದ ಹಾಗೆ ನೀರಿಗೆ ಬಡಿಯುತ್ತೆ.

ಕಿವಿ: ನೀರು ನಿಂತಿದ್ರೆ ತಲೆ ಓರೆ ಮಾಡಿ ಮಲಗಿದಾಗ ಬಿಸಿಯಾಗಿ ಇಳಿದುಹೋಗುತ್ತೆ, ಎರಡು ದಿನ ಹೀಗೆ ಮುಚ್ಚಿಕೊಂಡಿರೋದು ಕಡಿಮೆ. ಚಪ್ಪಟೆಯಾಗಿ ಕಿವಿಯ ಮೇಲೆ ಬಿದ್ದಾಗ ಒಳಗಿನ ಗಾಳಿ ಒತ್ತಿ ತಮಟೆ ಹರಿಯೋದುಂಟು. ಬಿದ್ದ ಕ್ಷಣ ಸೂಜಿ ಚುಚ್ಚಿದ ಹಾಗೆ ನೋವಾಗಿ, ಆಮೇಲೆ ನೋವು ಹೋಗಿ ಮಂದ ಕೇಳಿಸ್ತಾ ಇದೆಯಾ? ಗುಂಯ್ ಅನ್ನುತ್ತಾ? ನೋಡಿಸೋವರೆಗೂ ಕಿವಿಗೆ ಏನೂ ಹಾಕಬೇಡಿ. ಡ್ರಾಪ್ಸ್ ಬೇಡ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯಂತೂ ಬೇಡವೇ ಬೇಡ (ಅಮ್ಮ ನಾಳೆ ಅದನ್ನೂ ಹೇಳ್ತಾರೆ, ನೋಡ್ತಿರಿ). ಸ್ನಾನಕ್ಕೆ ವ್ಯಾಸಲೀನ್ ಸವರಿದ ಹತ್ತಿ ಕಿವಿಯ ಹೊರಬಾಯಿಗೆ ಇಟ್ಟುಕೊಳ್ಳಿ.

ಮಾತ್ರೆ: ಡೋಲೊ 650, ಅಲ್ಲಿನ ಟೈಲೆನಾಲ್ ಎರಡರಲ್ಲೂ ಇರೋದು ಒಂದೇ ಔಷಧಿ, ಪ್ಯಾರಾಸಿಟಮಾಲ್. ಹೆಸರು ಬೇರೆ ಅಂತ ಎರಡನ್ನೂ ನುಂಗಿದ್ರೆ ಲಿವರ್‌ಗೆ ಹೊಡೆತ. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ ಒಟ್ಟು 4 ಗ್ರಾಂ ದಾಟಬಾರದು, 3 ಗ್ರಾಂ ಒಳಗೆ ನಿಲ್ಲಿಸಿದ್ರೆ ಒಳ್ಳೇದು. ತಲೆಗೆ ಏಟಾದಾಗ ಐಬುಪ್ರೊಫೆನ್, ಆಸ್ಪಿರಿನ್ ಡಾಕ್ಟರ್ ನೋಡೋವರೆಗೆ ಬೇಡ. ಒಳಗೆ ರಕ್ತ ಜಿನುಗ್ತಾ ಇದ್ರೆ ಅದು ಹೆಚ್ಚಾಗಬಹುದು.

ಇವತ್ತೇ ಹೋಗಿ. ಮಧ್ಯೆ ಪದೇ ಪದೇ ವಾಂತಿ, ಏರ್ತಾ ಹೋಗೋ ತಲೆನೋವು, ಎಬ್ಬಿಸಿದ್ರೂ ಏಳದ ಮಂಪರು, ಮಾತು ತೊದಲೋದು, ಕೈಕಾಲು ಜೋಮು, ಫಿಟ್ಸ್, ಇದರಲ್ಲಿ ಯಾವ ಒಂದು ಕಂಡ್ರೂ ಅರ್ಜೆಂಟ್ ಕೇರ್ ಕ್ಲಿನಿಕ್ ಅಲ್ಲ, ನೇರ 911ಕ್ಕೆ (ಅಲ್ಲಿನ ತುರ್ತು ನಂಬರ್) ಫೋನ್ ಮಾಡಿ. ಎಡ ಪಕ್ಕೆ ಅಂದಿರಲ್ಲ, ಅದರ ಕೆಳಗೇ ಗುಲ್ಮ ಇರೋದು. ಹೊಟ್ಟೆ ನೋವು, ತಲೆ ಸುತ್ತು, ಏಟೇ ಬೀಳದ ಎಡ ಭುಜದ ತುದಿಯಲ್ಲಿ ನೋವು ಬಂದ್ರೂ ಅಷ್ಟೇ. ಕಾರ್ ನೀವು ಓಡಿಸಬೇಡಿ.

ಕುಕ್ಕರಹಳ್ಳಿ_ಹುಡುಗ

ಅಕ್ಕಾ, ಸೂಜಿ ಚುಚ್ಚಿದ ಹಾಗೆ ಅಂದ್ರಲ್ಲ, ಕರೆಕ್ಟಾಗಿ ಹಾಗೇ ಆಗಿತ್ತು. ರೂಮ್‌ಮೇಟ್ ಕರ್ಕೊಂಡು ಹೋಗ್ತಿದಾನೆ.

ಮುಲ್ಕಿ_ಅಲೆ

ಮಾರಾಯ್ರೇ, ನಾನು ಕಡಲಲ್ಲಿ ಸರ್ಫ್ ಮಾಡುವವ. ಅಲೆಯಲ್ಲಿ ಬಿದ್ದರೆ ಬಟ್ಟೆ ಒಗೆಯುವ ಮೆಷಿನ್ ಒಳಗೆ ಹೋದ ಹಾಗೆ ತಿರುಗಿಸ್ತದೆ, ಆದರೆ ಪೆಟ್ಟು ಇಷ್ಟು ಜೋರಾಗಿ ಬೀಳುವುದಿಲ್ಲ. ಕೆರೆ ನೀರಲ್ಲಿ ಇಷ್ಟು ಆಗ್ತದಾ? ಹೆಲ್ಮೆಟ್ ಹಾಕುವುದಿಲ್ವಾ ನೀವೆಲ್ಲ?

ಉಣಕಲ್_ಆಸ್ಟಿನ್

ಅಲೆಯಾಗಿನ ನೀರು ನಿಮ್ಮ ಜೋಡೀನ ಹೊಂಟಿರ್ತೈತಿ, ಅದರಾಗ ನೊರೆ ಗಾಳಿ ಬ್ಯಾರೆ. ಕೆರಿ ನೀರು ನಿಂತದ್ದು. 23 ಮೈಲಿಯಾಗ ಬಂದಾವನಿಗೆ ಪಕ್ಕಕ್ಕ ಸರಿದು ಜಾಗ ಕೊಡಾಕ ಅದಕ್ಕ ಪುರಸೊತ್ತು ಇರೂದಿಲ್ಲ.

ಹೆಲ್ಮೆಟ್ ಬಗ್ಗೆ ಬೋಟ್‌ನವರದೊಂದು ಮಾತು, ಕೇಬಲ್‌ನವರದೊಂದು ಮಾತು. ಕೇಬಲ್ ಪಾರ್ಕಿನಾಗ (ಅಲ್ಲಿ ಬೋಟ್ ಬದಲಿ ಮ್ಯಾಲಿನ ತಂತಿ ಎಳೀತೈತಿ) ಹತ್ತಿ ಜಾರಾಕ, ಹಾರಾಕ ರೈಲ್, ರ‍್ಯಾಂಪ್ ಇರ್ತಾವ, ಅಲ್ಲಿ ಹೆಲ್ಮೆಟ್ ಇಲ್ದ ಅವುಗಳ ಮ್ಯಾಲೆ ಹತ್ತಾಕ ಬಿಡೂದಿಲ್ಲ, ಬಿಡಬಾರದು ಕೂಡ. ಬೋಟ್ ಹಿಂದ ಹಾಕೋರು ಕಡಿಮಿ. ದೊಡ್ಡ ಕಿವಿ ಮುಚ್ಚಳ ಇರೋ ಹೆಲ್ಮೆಟ್ ಬಿದ್ದಾಗ ನೀರು ತುಂಬ್ಕೊಂಡು ಕುತ್ತಿಗಿ ಜಗ್ಗತೈತಿ ಅಂತ ಅವರ ತಕರಾರು. ನಾನಂತೂ ತಲಿಗೆ ಬಿಗಿಯಾಗಿ ಕೂಡೋ, ಇಎನ್ 1385 ಮಾರ್ಕ್ ಇರೋ ನೀರಾಟದ ಹೆಲ್ಮೆಟ್ ಹಾಕ್ತೀನಿ. ಬೋರ್ಡಿನ ಅಂಚು ತಲಿಗೆ ಬಡಿದು ಹೊಲಿಗಿ ಬೀಳೂದು ಅದರಿಂದ ತಪ್ಪತೈತಿ. ಆದ್ರ ಕನ್ಕಷನ್ ಪೂರ್ತಿ ತಡೀತೈತಿ ಅಂತ ನಂಬಬ್ಯಾಡ್ರಿ. ಮೆದುಳು ಅಲುಗಾಡೂದು ತಲಿಬುರುಡಿ ಒಳಗ, ಹೆಲ್ಮೆಟ್ ಇರೂದು ಹೊರಗ.

ಕುಕ್ಕರಹಳ್ಳಿ_ಹುಡುಗ

ಅಪ್‌ಡೇಟ್. ತಮಟೆಯಲ್ಲಿ ಸಣ್ಣ ತೂತು ಇದೆ. ತಾನೇ ಮುಚ್ಚಿಕೊಳ್ಳುತ್ತೆ, ಕೆಲವು ವಾರ ಬೇಕು, ಎರಡು ತಿಂಗಳೂ ಆಗಬಹುದು ಅಂದ್ರು. ಮತ್ತೆ ಇಎನ್‌ಟಿ ಹತ್ತಿರ ತೋರಿಸಬೇಕು. ಮೂಗು ಜೋರಾಗಿ ಸೀಟಬಾರದಂತೆ. ತಲೆದು ಸಣ್ಣ ಪ್ರಮಾಣದ ಕನ್ಕಷನ್. ಪಕ್ಕೆ ಎಕ್ಸ್‌ರೇನಲ್ಲಿ ಮುರಿದಿದ್ದು ಕಾಣಲಿಲ್ಲ, ಹೊಟ್ಟೆ ಮುಟ್ಟಿ ನೋಡಿ ಪರವಾಗಿಲ್ಲ ಅಂದ್ರು. ಶನಿವಾರದ ಬೋಟ್ ಕ್ಯಾನ್ಸಲ್.

ಈಗ ಕೇಳ್ತೀನಿ: ಪಕ್ಕೆಗೆ ಬೆಲ್ಟ್ ಕಟ್ಟಲಾ? ಕುತ್ತಿಗೆಗೆ ಕಾಲರ್? ಮತ್ತೆ ಆ ಹರಳೆಣ್ಣೆ?

ಫಿಸಿಯೊ_ಶಿವಮೊಗ್ಗ

ಹೋಗಿದ್ದು ಒಳ್ಳೇದಾಯ್ತು.

ಪಕ್ಕೆಗೆ ಬೆಲ್ಟ್ ಬೇಡ. ಹಿಂದೆ ಕಟ್ತಿದ್ರು, ಈಗ ಬಿಟ್ಟಿದಾರೆ. ಬಿಗಿದು ಕಟ್ಟಿದ್ರೆ ಉಸಿರು ಮೇಲೆಮೇಲೇ ಆಡಿ ಎದೆಯಲ್ಲಿ ಕಫ ಕಟ್ಟುತ್ತೆ. ಎಚ್ಚರ ಇದ್ದಾಗ ಗಂಟೆಗೊಮ್ಮೆ ನಿಧಾನಕ್ಕೆ ಉದ್ದ ಉಸಿರು ತಗೊಳ್ಳಿ. ಕೆಮ್ಮು, ಸೀನು ಬಂದಾಗ ದಿಂಬು ಅವುಚಿಕೊಳ್ಳಿ. ಎಕ್ಸ್‌ರೇನಲ್ಲಿ ಕೂದಲೆಳೆ ಬಿರುಕು ಕಾಣದೇ ಇರಬಹುದು, ಆದ್ರೆ ಕಂಡ್ರೂ ಚಿಕಿತ್ಸೆ ಇದೇ. ಮುರಿದಿದ್ರೆ ಆರು ವಾರದ ಹತ್ತಿರ ಹೋಗುತ್ತೆ, ಬರೀ ಪೆಟ್ಟಾದ್ರೆ ಬೇಗ. ಉಸಿರು ಕಟ್ಟಿದ ಹಾಗಾದ್ರೆ, ಕಫದಲ್ಲಿ ರಕ್ತ ಕಂಡ್ರೆ ಮತ್ತೆ ಆಸ್ಪತ್ರೆಗೆ.

ಕುತ್ತಿಗೆಗೆ ಕಾಲರ್ ಡಾಕ್ಟರ್ ಹೇಳದೆ ಹಾಕಬೇಡಿ, ಸುಮ್ಮನೆ ಬಿಗಿತ ಜಾಸ್ತಿಯಾಗುತ್ತೆ. ನೋವು ತೀರಾ ಏರದಷ್ಟು ಮಿತಿಯಲ್ಲಿ ಆ ಕಡೆ ಈ ಕಡೆ ತಿರುಗಿಸ್ತಾ ಇರಿ. ಈ ನೋವು ಸಾಮಾನ್ಯವಾಗಿ ಬಿದ್ದ ದಿನಕ್ಕಿಂತ ಮಾರನೇ ದಿನ ಹೆಚ್ಚು. ತೋಳಿಗೆ ಜೋಮು ಇಳಿದ್ರೆ, ಬೆರಳಲ್ಲಿ ಹಿಡಿತ ಹೋದ್ರೆ ಮಾತ್ರ ಕಾಯಬೇಡಿ.

ಎಣ್ಣೆ, ಶಾಖ: ಮುಂಗೈಗೆ, ಭುಜಕ್ಕೆ ಧಾರಾಳವಾಗಿ. ಅಮ್ಮನ ಮಾತು ಅಲ್ಲಿ ನೂರಕ್ಕೆ ನೂರು. ಆದ್ರೆ ಬಾವು, ನೀಲಿ ಇರೋ ಜಾಗಕ್ಕೆ ಮೊದಲ ಎರಡು ಮೂರು ದಿನ ಶಾಖವೂ ಬೇಡ, ನೀವೋದೂ ಬೇಡ. ತೊಡೆಗೆ ಜೋರು ಏಟು ಬಿದ್ದು ಹೆಪ್ಪುಗಟ್ಟಿದ್ದನ್ನ ಗಟ್ಟಿಯಾಗಿ ತಿಕ್ಕಿ, ಕೆಲವು ವಾರದ ಮೇಲೆ ಆ ಸ್ನಾಯುವಿನೊಳಗೇ ಮೂಳೆ ಬೆಳೆದು ಬಂದವರಿದಾರೆ. ಅದನ್ನ ಸರಿ ಮಾಡೋದು ತಿಂಗಳುಗಟ್ಟಲೆ ಕೆಲಸ.

ಐಸ್ ನೋವು ತಗ್ಗಿಸೋಕೆ ಚೆನ್ನಾಗಿದೆ, ಬಟ್ಟೆ ಸುತ್ತಿ ಹದಿನೈದು ನಿಮಿಷ. ಇಡೀ ದಿನ ಐಸ್, ಪೂರ್ತಿ ವಿಶ್ರಾಂತಿ ಅನ್ನೋದು ಹಳೇ ಪಾಠ. 1978ರಲ್ಲಿ ಆ "ರೈಸ್" ಸೂತ್ರ (ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಎತ್ತರಕ್ಕಿಡೋದು) ಕೊಟ್ಟ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ ಆಮೇಲೆ, ಐಸ್ ವಾಸಿಯಾಗೋದನ್ನ ತಡಮಾಡಬಹುದು ಅಂತ ಬರೆದ್ರು. ಜಿಮ್ ಗೋಡೆಗಳ ಮೇಲಿನ ಪೋಸ್ಟರ್‌ಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ತಲೆ: ಒಂದೆರಡು ದಿನ ಸ್ಕ್ರೀನ್ ಕಡಿಮೆ, ಆಮೇಲೆ ಸಣ್ಣ ವಾಕಿಂಗ್. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗೋದು ಬೇಡ. ಹಂತ ಹಂತವಾಗಿ ಏರಿಸಿ, ಒಂದೊಂದು ಹಂತಕ್ಕೆ ಕನಿಷ್ಠ ಒಂದು ದಿನ. ತಲೆನೋವು ಜೋರಾದ್ರೆ ಒಂದು ಹಂತ ಕೆಳಗೆ. ಪೂರ್ತಿ ವಾಸಿಯಾಗೋ ಮೊದಲೇ ಇನ್ನೊಂದು ಸಲ ತಲೆ ಬಡಿದುಕೊಳ್ಳೋದು ಬಹಳ ಅಪಾಯ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಇನ್ನೊಂದು ಮಾತು, ಇದು ಎಲ್ಲರಿಗೂ. ಮೈಯೆಲ್ಲಾ ನುಜ್ಜಾಗುವಷ್ಟು ಆಡಿದ ಮೇಲೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದ್ರೆ ಅದು ಬರೀ ನೀರು ಕಡಿಮೆ ಕುಡಿದಿದ್ದಲ್ಲ. ಸ್ನಾಯು ಕರಗಿ ಕಿಡ್ನಿಗೆ ಹೋಗ್ತಿರಬಹುದು. ತಡ ಮಾಡದೆ ಆಸ್ಪತ್ರೆ.

ಉಣಕಲ್_ಆಸ್ಟಿನ್

ವಿಡಿಯೋ ನೋಡಿದೆ. ನಿಧಾನ ಓಡಿಸಿ ನೋಡ್ರಿ. ಬೋರ್ಡ್ ನೀರು ಮುಟ್ಟೋ ಹೊತ್ತಿಗೆ ಅದರ ಮೂತಿ ನೆಟ್ಟಗ ಬೋಟ್ ಕಡೆ ತಿರುಗೈತಿ, ನೀವು ಮಾತ್ರ ಇನ್ನೂ ಪಕ್ಕಕ್ಕ ಹೊಂಟೀರಿ. ಅಂದ್ರ ಬೋರ್ಡ್ ಅಡ್ಡಡ್ಡ ಜಾರಾಕತ್ತೈತಿ, ಮುಂದ ಇರೂದು ಹಿಮ್ಮಡಿ ಅಂಚು. ನಿಮ್ಮ ಭಾರ ಹಿಮ್ಮಡಿ ಮ್ಯಾಲೆ. ಅಂಚು ಒಂದು ಬೆರಳಷ್ಟು ಮುಳುಗಿತು, ಬೋರ್ಡ್ ನಿಂತಿತು, ನೀವು ನಿಲ್ಲಲಿಲ್ಲ. ಅಂಚು ಸಿಕ್ಕಿ ಬೀಳೂದು ಅಂದ್ರ ಇಷ್ಟ: ಜಾರೋ ದಿಕ್ಕಿನಾಗ ಮುಂದಿರೋ ಅಂಚು ತಗ್ಗಬಾರದು. ಹಿಮ್ಮಡಿ ಸಿಕ್ರ ಹಿಂದಲೆ, ಬೆರಳ ಕಡೆ ಸಿಕ್ರ ಮುಖ.

ಇನ್ನೊಂದು ಕಂಡದ್ದು, ಗಾಳಿಯಾಗ ಇದ್ದಾಗ ಹ್ಯಾಂಡಲ್ ಎದಿ ಮಟ್ಟಕ್ಕ ಏರಿತು, ಕಣ್ಣು ಬೋರ್ಡಿನ ಮ್ಯಾಲೆ. ಕಣ್ಣು ಕೆಳಗ ಹೋದ್ರ ಹೆಗಲು ಹೋಗ್ತಾವ, ಹೆಗಲು ಹೋದ್ರ ಬೋರ್ಡ್ ತಿರುಗ್ತೈತಿ. ದಂಡಿ ಮ್ಯಾಲಿನ ಒಂದು ಗಿಡ ನೋಡ್ರಿ, ಹ್ಯಾಂಡಲ್ ಮುಂದಿನ ಸೊಂಟಕ್ಕ ತಂದು ಇಡ್ರಿ, ಹೊಂಟ ದಾರಿ ಕಡೆನ ಮೂತಿ ಇಟ್ಟು ಮೊಣಕಾಲು ಬಗ್ಗಿಸಿ ಇಳೀರಿ.

ವಾಪಸ್ ಬಂದಾಗ 18 ಮೈಲಿಗೆ ಇಳಿಸ್ರಿ, ಹಗ್ಗ ಹತ್ತಡಿ ಮೋಟು ಮಾಡ್ರಿ. ಹಗ್ಗ ಮೋಟಾದ್ರ ಎರಡು ವೇಕ್ ನಡುವಿನ ಅಂತರ ಕಡಿಮಿ ಆಗ್ತೈತಿ, ಅಷ್ಟು ಜೋರು ಬರೋ ಅಗತ್ಯಾನ ಇಲ್ಲ. 18ರಿಂದ 23ಕ್ಕ ಏರಿಸಿದ್ರ ವೇಗ ಕಾಲು ಭಾಗ ಏರಿದಂಗ ಕಾಣ್ತೈತಿ, ಬೀಳೋ ಶಕ್ತಿ ಮಾತ್ರ ಶೇ. 60ರಷ್ಟು ಹೆಚ್ಚು. ವರ್ಗದ ಲೆಕ್ಕ, ಹೈಸ್ಕೂಲ್‌ನಾಗ ಓದಿದ್ದ.

ಬೀಳೂದು ಹೆಂಗ ಅಂದ್ರ: ಬೀಳ್ತೀನಿ ಅನಿಸಿದ್ದ ತಡ ಹ್ಯಾಂಡಲ್ ಬಿಡ್ರಿ. ನೀವು ಕೊನೀವರೆಗೂ ಹಿಡ್ಕೊಂಡೀರಿ, ಹಗ್ಗ ನಿಮ್ಮನ್ನ ನೀರಿಗೆ ಇನ್ನೂ ಜೋರು ಎಳೆದೈತಿ. ಗದ್ದ ಎದಿಗೆ ಒತ್ತಿ, ಬಾಯಿ ಮುಚ್ಚಿ, ಕೈ ಎದಿ ಮ್ಯಾಲೆ ಮಡಚಿ. ಕೈ ಊರಾಕ ಹೋಗಬ್ಯಾಡ್ರಿ, ಭುಜ ಕಳಚೂದು ಹಂಗ.

ಮುಲ್ಕಿ_ಅಲೆ

ವಿಡಿಯೋದಲ್ಲಿ ಇವರು ಹಾಕಿದ ಜಾಕೆಟ್ ಎಷ್ಟು ತೆಳು ಉಂಟಲ್ಲ! ಅದು ಸರಿಯಾ?

ಉಣಕಲ್_ಆಸ್ಟಿನ್

ಭಾಳ ಚಲೋ ಕಣ್ಣು ನಿಮ್ದು. ಅದು ಕಾಂಪ್ ವೆಸ್ಟ್, ಪೆಟ್ಟಿಗೆ ಮೆತ್ತನೆ ಹಾಸು ಅಷ್ಟ. ಕೋಸ್ಟ್ ಗಾರ್ಡ್ ಒಪ್ಪಿದ ಲೈಫ್ ಜಾಕೆಟ್ ಅಲ್ಲ. ಫ್ಲೋರಿಡಾ ಕಾನೂನಿನಾಗ ಬೋಟ್ ಹಿಂದ ಎಳಿಸ್ಕೊಳ್ಳೋರು ಕೋಸ್ಟ್ ಗಾರ್ಡ್ ಒಪ್ಪಿದ್ದನ್ನ ಹಾಕಬೇಕು, ಗಾಳಿ ತುಂಬೋ ನಮೂನಿದು ನಡೆಯೂದಿಲ್ಲ. ದಂಡದ ಮಾತು ಬಿಡ್ರಿ. ತಲಿಗೆ ಏಟಾಗಿ ಮಂಕಾದಾವ ನೀರಿನ ಮ್ಯಾಲೆ ತೇಲಬೇಕಲ್ಲ?

ಕುಕ್ಕರಹಳ್ಳಿ_ಹುಡುಗ

ಕೊನೇ ಅಪ್‌ಡೇಟ್. ಇಎನ್‌ಟಿ ನೋಡಿ ತೂತು ಮುಚ್ಚಿದೆ ಅಂದ್ರು, ಕೇಳೋದೂ ಸರಿಯಾಗಿದೆ. ತಲೆನೋವು ಅದಕ್ಕೂ ಮುಂಚೆಯೇ ಹೋಗಿತ್ತು. ಪಕ್ಕೆ ಸೀನಿದಾಗ ಮಾತ್ರ ಸ್ವಲ್ಪ. ದಪ್ಪ ಜಾಕೆಟ್ ತಗೊಂಡೆ, ಕಿವಿಗೆ ಸರ್ಫ್ ಪ್ಲಗ್ಗೂ ಬಂದಿದೆ.

ಸಾಮಾನು ತೊಳೆಯುವಾಗ ಒಂದು ಕಂಡಿತು: ಎಡ ಬೈಂಡಿಂಗ್‌ನ (ಬೋರ್ಡಿಗೆ ಕೂರಿಸಿರೋ ಬೂಟ್) ಲೇಸ್ ಲಾಕ್ ಎಳೆದ್ರೆ ನಿಲ್ಲಲ್ಲ, ಜಾರ್ತಾ ಇದೆ. ಹಿಮ್ಮಡಿ ಒಳಗೆ ಎದ್ದು ಬರುತ್ತೆ. ಪೂರ್ತಿ ಬೂಟ್ ಬದಲಾಯಿಸಬೇಕಾ?

ಉಣಕಲ್_ಆಸ್ಟಿನ್

ಬ್ಯಾಡ, ಲಾಕ್ ಒಂದ ಸಿಗ್ತೈತಿ, ಲೇಸೂ ಹೊಸಾದು ಹಾಕ್ರಿ. ಆದ್ರ ಅದು ಆಗೋವರೆಗೂ ನೀರಿಗೆ ಇಳೀಬ್ಯಾಡ್ರಿ. ಎರಡೂ ಕಾಲು ಕಳಚಿದ್ರ ಚಿಂತಿಲ್ಲ, ಎರಡೂ ನಿಂತ್ರೂ ನಡೀತೈತಿ. ಒಂದು ಕಳಚಿ ಇನ್ನೊಂದು ಬೋರ್ಡಿನಾಗ ಉಳೀತು ಅಂದ್ರ ಮೊಣಕಾಲಿನ ಒಳಗಿನ ಎಸಿಎಲ್ ಅನ್ನೋ ಕಟ್ಟು (ಲಿಗಮೆಂಟ್) ತಿರುಚಿ ಹರೀತೈತಿ. ಅದಕ್ಕ ಆಪರೇಷನ್ ಮಾಡಿಸ್ಕೊಂಡವರು ವಾಪಸ್ ಬೋರ್ಡ್ ಹತ್ತಾಕ ಒಂಬತ್ತು ತಿಂಗಳಾದ್ರೂ ಬೇಕು. ಬೂಟ್ ಬೋರ್ಡಿಗೆ ಹಿಡಿದಿರೋ ಬೇಸ್‌ಪ್ಲೇಟಿನ ಸ್ಕ್ರೂನೂ ಒಮ್ಮೆ ತಿರುವಿ ನೋಡ್ರಿ, ಲೇಸ್ ಸಡಿಲ ಇದ್ದಲ್ಲೆ ಅವೂ ಸಡಿಲ ಇರ್ತಾವ. ಬೂಟಿನ ಫೋಟೋ ಹಾಕ್ರಿ, ಯಾವ ಲಾಕ್ ಕೂಡ್ತೈತಿ ಹೇಳ್ತೀನಿ.