ತಮ್ಮಾ, ಸ್ಪೀಕರ್‌ಗೆ ಅಡ್ವಾನ್ಸ್ ಕೊಡುವ ಮುಂಚೆ

ತಮ್ಮಾ, ಬೆಳಿಗ್ಗೆ ನೀನು ಮನೆಯವರ ಗುಂಪಿಗೆ ಹಾಕಿದ ಸ್ಪೀಕರ್ ಸೆಟ್‌ನ ಫೋಟೋ ನೋಡಿದೆ. ಡಬ್ಬದ ಮೇಲೆ '10,000 ವ್ಯಾಟ್ ಪಿಎಂಪಿಒ' ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ. ಐದು ಸ್ಪೀಕರ್, ತಗ್ಗಿನ ದನಿಗೆಂದೇ ಇರುವ ಒಂದು ಸಬ್‌ವೂಫರ್, 24 ಸಾವಿರ, ಸಂಜೆ ಅಡ್ವಾನ್ಸ್ ಕೊಡಲಾ ಅಂತ ಕೇಳಿದ್ದೀಯ. ಕೊಡಬೇಡ. ಇನ್ನೊಂದು ವಾರ ತಡೆ. ಗುಂಪಿನಲ್ಲೇ ಬರೆಯುತ್ತೇನೆ, ನಿಮ್ಮ ಹಾಗೆ ಅತ್ತೆ ಮನೆಯವರೂ ಹೊಸ ಹಾಲ್ ಕಟ್ಟಿಸುತ್ತಿದ್ದಾರೆ, ಅವರಿಗೂ ಬೇಕಾಗುತ್ತದೆ.

ಮೊದಲು ಚಿಕ್ಕಪ್ಪನ ವಿಷಯ. ಹೋದ ಭಾನುವಾರ ನಿಟುವಳ್ಳಿಯ ನಿಮ್ಮ ಮನೆಗೆ ಬಂದಾಗ ನೋಡಿದೆ. ಸಿನಿಮಾದಲ್ಲಿ ಮಾತು ಬಂದರೆ ರಿಮೋಟ್ ಒತ್ತಿ ಜೋರು ಮಾಡುತ್ತಾರೆ, ಫೈಟ್ ಬಂದರೆ ಗಡಿಬಿಡಿಯಿಂದ ಇಳಿಸುತ್ತಾರೆ. ನಮ್ಮ ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯ ನಾಟಕ ನೋಡಿ ಬೆಳೆದವರು ಅವರು. ಅದರ ನಟಿ ಚಿಂದೋಡಿ ಲೀಲಾ ಅವರ ಒಂದು ಮಾತನ್ನೂ ಬಿಡದೆ ಕೇಳಿದವರು. ಅಂಥವರು ಈಗ 'ಏನಂದ ಅವನು?' ಅಂತ ಚಿಕ್ಕಮ್ಮನನ್ನು ಕೇಳುತ್ತಾ ಕೂರುತ್ತಾರೆ. ನನಗೆ ಬೇಜಾರಾಯಿತು. ನಿಮ್ಮ ಮನೆಗೆ ಸ್ಪೀಕರ್ ಬರಬೇಕಾದ್ದು ಮೊದಲು ಅದಕ್ಕೆ, ಅಲ್ವಾ? ಗಾಜು ನಡುಗಿಸುವುದಕ್ಕಲ್ಲ.

ಸಿನಿಮಾದ 5.1 ಧ್ವನಿಯಲ್ಲಿ, ಅಂದರೆ ಐದು ಸ್ಪೀಕರ್ ಒಂದು ಸಬ್‌ವೂಫರ್‌ನ ಏರ್ಪಾಟಿನಲ್ಲಿ, ಮಾತೆಲ್ಲ ಹೆಚ್ಚು ಕಡಿಮೆ ಟಿವಿಯ ನಟ್ಟನಡುವೆ ಇಡುವ ಸೆಂಟರ್ ಸ್ಪೀಕರ್‌ನಿಂದಲೇ ಬರುತ್ತದೆ. ಎಡಬಲ ಎರಡೇ ಸ್ಪೀಕರ್ ಇದ್ದರೂ ನಟ್ಟನಡುವೆ ಕೂತವರಿಗೆ ಮಾತು ಟಿವಿಯಿಂದಲೇ ಬಂದ ಹಾಗೆ ಕೇಳುತ್ತದೆ. ಆದರೆ ಚಿಕ್ಕಪ್ಪ ಕೂರುವುದು ಕಿಟಕಿ ಪಕ್ಕದ ಕುರ್ಚಿಯಲ್ಲಿ. ಅಲ್ಲಿಗೆ ಒಂದು ಕಡೆಯದೇ ಜಾಸ್ತಿ ಬಡಿಯುತ್ತದೆ. ಹಾಗಾಗಿ ನಿಮ್ಮ ಮನೆಗೆ ಒಳ್ಳೆಯ ಸೆಂಟರ್ ಬೇಕೇ ಬೇಕು. ನೀನು ಕಳಿಸಿದ ಡಬ್ಬದಲ್ಲಿ ಸೆಂಟರ್ ಅಂತ ಇರುವುದು ಟಿಫಿನ್ ಬಾಕ್ಸ್‌ನಷ್ಟು ದೊಡ್ಡದು. ಗಂಡಸಿನ ದನಿಯ ತಳ ಅದರಲ್ಲಿ ಬರುವುದಿಲ್ಲ. ಆರು ಡಬ್ಬ ಸೇರಿ 24 ಸಾವಿರ ಅಂದರೆ ಒಂದೊಂದಕ್ಕೆ 4 ಸಾವಿರ, ಅದರೊಳಗೇ ಆಂಪ್ಲಿಫೈಯರ್ ಬೇರೆ. ನೀನೇ ಲೆಕ್ಕ ಹಾಕು.

ಆ 10,000 ವ್ಯಾಟ್ ಅಂಕಿಯನ್ನು ಮರೆತುಬಿಡು. ಪಿಎಂಪಿಒ ಅನ್ನುವುದು ಒಂದು ಗಳಿಗೆ ಚಿಮ್ಮುವ ಶಕ್ತಿಯ ಲೆಕ್ಕ. ಅದನ್ನು ಹೀಗೇ ಅಳೆಯಬೇಕು ಅಂತ ಎಲ್ಲರೂ ಒಪ್ಪಿದ ನಿಯಮವೇ ಇಲ್ಲ. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಬಿಡದೆ ಕೊಡಬಲ್ಲ ಶಕ್ತಿ. ಅದಕ್ಕಿಂತ ಮುಖ್ಯವಾದದ್ದು ಸ್ಪೀಕರ್‌ನ ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಕೇಳುತ್ತದೆ ಅನ್ನುವ ಅಂಕಿ ಅದು. 86 ಇರುವ ಸ್ಪೀಕರ್ 89 ಇರುವುದರಷ್ಟು ಜೋರಾಗಿ ನುಡಿಯಬೇಕಾದರೆ ಎರಡು ಪಟ್ಟು ವ್ಯಾಟ್ ಬೇಕು. ಕಿವಿಗೆ 'ಎರಡರಷ್ಟು ಜೋರು' ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ನಿಮ್ಮದು 12ಕ್ಕೆ 16 ಅಡಿ ಹಾಲ್. ದಿನಾ ಟಿವಿ ನೋಡುವಾಗ ಕೆಲವೇ ವ್ಯಾಟ್ ಖರ್ಚಾಗುತ್ತದೆ.

ಕೇಳಿ ಆರಿಸುವುದನ್ನು ಮಾತ್ರ ಬಿಡಬೇಡ. ನಮ್ಮಲ್ಲಿ ಕೇಳಿಸುವ ಅಂಗಡಿ ಸಿಗದಿದ್ದರೆ ಬೆಂಗಳೂರಿಗೆ ಒಂದು ದಿನ ಹೋಗಿ ಬಾ. ಅಂಗಡಿಯವರು ಹಾಕುವ ಡಿಶುಂ ಡಿಶುಂ ಬೇಡ, ನಿನಗೆ ಬಾಯಿಪಾಠ ಇರುವ ಹಾಡು ತಗೊಂಡು ಹೋಗು. ಮೊದಲು ಬರೀ ವಾರ್ತೆ ಓದುವ ದನಿ ಕೇಳು. ಮನುಷ್ಯ ಎದುರಿಗೆ ಕೂತು ಮಾತಾಡಿದ ಹಾಗಿರಬೇಕು. ಬಿಂದಿಗೆಯೊಳಗಿಂದ ಬಂದ ಹಾಗಿದ್ದರೆ ಎದ್ದು ಬಾ. ಆಮೇಲೆ ತಬಲಾ. ನಾನು ಯಾವಾಗಲೂ ಎಡಗೈ ಡಗ್ಗಾ ಮೇಲೆ ಗಮನ ಇಡುತ್ತೇನೆ. ಅಂಗೈ ಒತ್ತಿದಾಗ ನಾದ ಬಾಗಿ ಏರುತ್ತದಲ್ಲ, ಆ ಏರಿಕೆ ಕೇಳಬೇಕು. ಕಳಪೆ ಸ್ಪೀಕರ್‌ನಲ್ಲಿ ಎಲ್ಲ ಪೆಟ್ಟೂ ಒಂದೇ 'ಧುಂ'. ತಂಬೂರಿಯೂ ಹಾಗೇ, ನಾಲ್ಕು ತಂತಿ ಬಿಡಿಬಿಡಿಯಾಗಿ ಕೇಳಿದರೆ ಆ ಸ್ಪೀಕರ್ ಸತ್ಯ ಹೇಳುತ್ತಿದೆ ಅಂತ ಅರ್ಥ.

ಎರಡು ಜೋಡಿ ಹೋಲಿಸುವಾಗ ಎರಡರ ಜೋರೂ ಸಮ ಇರಲಿ. ಸ್ವಲ್ಪವೇ ಜೋರಾಗಿ ಹಾಕಿದ್ದೇ ಚೆನ್ನಾಗಿದೆ ಅಂತ ಕಿವಿ ಮೋಸ ಹೋಗುತ್ತದೆ. ಕಣ್ಣು ಮುಚ್ಚಿ ಕೇಳು. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ಫ್ಲಾಯ್ಡ್ ಟೂಲ್ ಎಂಬುವರು ವರ್ಷಗಟ್ಟಲೆ ಇದನ್ನೇ ಪರೀಕ್ಷೆ ಮಾಡಿದರು. ಸ್ಪೀಕರ್ ಕಾಣದ ಹಾಗೆ ಮರೆಮಾಡಿ ಕೇಳಿಸಿದಾಗ ಹೆಚ್ಚಿನ ಜನ ಒಂದೇ ಥರದ್ದನ್ನು ಮೆಚ್ಚಿದರು. ಯಾವ ಸ್ವರವನ್ನೂ ಎತ್ತಿ ಆಡಿಸದೆ, ಯಾವುದನ್ನೂ ನುಂಗದೆ, ಸಮನಾಗಿ ನುಡಿಯುವಂಥದ್ದನ್ನು. ವಾರ್ಫ್‌ಡೇಲ್, ಪೋಕ್, ಕೆಇಎಫ್, ಯಮಹಾ, ಯಾವುದಾದರೂ ಆಗಲಿ, ಹೆಸರಿಗಿಂತ ಮೊದಲು ಕಿವಿ. ಒಂದು ಮಾತು ಮಾತ್ರ ನೆನಪಿಡು: ಟಿವಿಯ ಎಡಬಲದ ಎರಡು ಮತ್ತು ಸೆಂಟರ್ ಒಂದೇ ಕಂಪನಿಯ ಒಂದೇ ಸೀರೀಸ್ ಆಗಿರಲಿ. ಇಲ್ಲದಿದ್ದರೆ ಪಾತ್ರ ನಡೆದು ಎಡದಿಂದ ಬಲಕ್ಕೆ ಹೋದಾಗ ದನಿಯೇ ಬದಲಾಗುತ್ತದೆ.

ಈಗ ಅವಸರದ ಕೆಲಸ. ಪ್ಲಾಸ್ಟರ್ ಇನ್ನೂ ಆಗಿಲ್ಲ ಅಂದೆಯಲ್ಲ, ಅದು ದೊಡ್ಡ ಅದೃಷ್ಟ. ನಮ್ಮ ಮನೆಯಲ್ಲಿ ಪ್ಲಾಸ್ಟರ್, ಪೇಂಟ್ ಎಲ್ಲ ಮುಗಿದ ಮೇಲೆ ನೆನಪಾಯಿತು. ಸೋಫಾದ ಹಿಂದಿಡುವ ಸ್ಪೀಕರ್‌ನ ವೈರು ಬಾಗಿಲ ಹೊಸ್ತಿಲ ಮೇಲೆ ಹಾದುಹೋಗಿತ್ತು. ಅಮ್ಮ ಅದಕ್ಕೆ ಎಡವಿ ಬಿದ್ದರು, ಮಣಿಕಟ್ಟಿಗೆ ಮೂರು ವಾರ ಪಟ್ಟಿ. ಅವತ್ತೇ ಬಿಚ್ಚಿ ಅಟ್ಟಕ್ಕೆ ಹಾಕಿದೆ. ನಿಮ್ಮಲ್ಲಿ ಹಾಗಾಗಬಾರದು. ಈ ವಾರವೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಟಿವಿ ಗೋಡೆಯಿಂದ ಸೋಫಾದ ಎಡಬಲಕ್ಕೆ ಪೈಪ್ ಹಾಕಿಸು. ಕರೆಂಟ್ ವೈರ್ ಇರುವ ಪೈಪಿನಲ್ಲೇ ತೂರಿಸಲು ಬಿಡಬೇಡ, ಇದಕ್ಕೆ ಬೇರೆಯದೇ ಬೇಕು. ಅಪ್ಪಟ ತಾಮ್ರದ ಎರಡೆಳೆ ವೈರ್, ಎರಡೂವರೆ ಚದರ ಎಂಎಂ ಧಾರಾಳ ಸಾಕು. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ಅಗ್ಗದ್ದು ಬರುತ್ತದೆ, ತುದಿಯನ್ನು ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ಅದು ಬೇಡ. ಮೀಟರಿಗೆ ಸಾವಿರಾರು ರೂಪಾಯಿಯ ವೈರೂ ಬೇಡ. ಟಿವಿಗೆ ಚಿತ್ರ, ಧ್ವನಿ ಒಯ್ಯುವ ಎಚ್‌ಡಿಎಂಐ ಕೇಬಲ್‌ಗೆ ಒಂದೂವರೆ ಇಂಚಿನ ಪೈಪ್ ಬಿಡಿಸು, ಅದರ ತಲೆ ಸಣ್ಣ ಪೈಪಿನ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಹಾಲ್‌ಗೆ ವಿಟ್ರಿಫೈಡ್ ಟೈಲ್ಸ್ ಹಾಕಿಸುತ್ತೀಯ. ಹಾಕಿದ ಮೇಲೆ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ ನೋಡು. 'ಟಣ್' ಅಂತ ಎಳೆದರೆ ಎಷ್ಟೇ ದುಬಾರಿ ಸ್ಪೀಕರ್ ತಂದರೂ ಮಾತು ಕಲಸಿಹೋಗುತ್ತದೆ. ಸ್ಪೀಕರ್ ಮತ್ತು ಸೋಫಾ ನಡುವೆ ದಪ್ಪ ಜಮಖಾನ, ಕಿಟಕಿಗೆ ನೆರಿಗೆ ತುಂಬಿದ ಪರದೆ, ಹಿಂದಿನ ಗೋಡೆಗೆ ಚಿಕ್ಕಪ್ಪನ ಪುಸ್ತಕದ ಕಪಾಟು. ಇಷ್ಟಾದರೆ ಅರ್ಧ ಕೆಲಸ ಆಯಿತು. ದನಿ ಹೀರಲಿ ಅಂತ ಗೋಡೆಗೆ ಮೊಟ್ಟೆ ಟ್ರೇ ಅಂಟಿಸಬೇಡ, ತಗ್ಗಿನ ದನಿ ಅದಕ್ಕೆ ಜಗ್ಗುವುದಿಲ್ಲ. ಸೆಂಟರ್ ಅನ್ನು ಟಿವಿ ಯೂನಿಟ್‌ನ ಗೂಡಿನೊಳಗೆ ತಳ್ಳಬೇಡ, ಅಂಚಿಗೆ ಇಟ್ಟು ಕಿವಿಯ ಕಡೆಗೆ ತುಸು ಎತ್ತಿ ವಾಲಿಸು. ಎಡಬಲದವು ಒಂದರಿಂದ ಒಂದು ಏಳೆಂಟು ಅಡಿ, ಸೋಫಾಗೂ ಹೆಚ್ಚು ಕಡಿಮೆ ಅಷ್ಟೇ ದೂರ.

ದುಡ್ಡು ಜಾಸ್ತಿ ಬೀಳುತ್ತದೆ, ನಿಜ. ಅದಕ್ಕೇ ಎಲ್ಲ ಒಟ್ಟಿಗೆ ಬೇಡ. ಈ ವರ್ಷ ಒಂದು ರಿಸೀವರ್ (ಎಲ್ಲ ಸ್ಪೀಕರ್‌ಗೂ ದನಿ ಹಂಚುವ ಆಂಪ್ಲಿಫೈಯರ್), ಎಡಬಲದ ಎರಡು, ಸೆಂಟರ್. ಸಬ್‌ವೂಫರ್ ಮುಂದಿನ ದೀಪಾವಳಿಗೆ, ಸೋಫಾದ ಹಿಂದಿನವು ಅದಾದ ಮೇಲೆ. ಪೈಪ್ ಇದ್ದರೆ ಯಾವಾಗ ಬೇಕಾದರೂ ಸೇರಿಸಬಹುದು.

ಮೇಸ್ತ್ರಿ ಪ್ಲಾಸ್ಟರ್ ಯಾವತ್ತು ಶುರು ಮಾಡುತ್ತಾರೆ ಅಂತ ಕೇಳಿ ಹೇಳು. ಅದರ ಹಿಂದಿನ ದಿನ ಟೇಪ್ ತಗೊಂಡು ಬರುತ್ತೇನೆ. ಚಿಕ್ಕಪ್ಪನ ಕುರ್ಚಿ ಎಲ್ಲಿ ಬರುತ್ತದೆ ಅಂತ ಗುರುತು ಹಾಕಿಕೊಂಡೇ ಪೈಪ್ ಬಿಡಿಸೋಣ.