ಫೈಲ್ ಬದಲಾಯಿಸಿದರೂ ಸರ್ವರ್ ಹಳೆಯ ಕೋಡನ್ನೇ ಓಡಿಸುತ್ತಿದೆ

ಪ್ರಶ್ನೆ:
ಪಿಎಚ್‌ಪಿ ಫೈಲಿನಲ್ಲಿ ತೆರಿಗೆ ಲೆಕ್ಕ ಸರಿಮಾಡಿ ಸರ್ವರ್‌ಗೆ ಹಾಕಿದ್ದೇನೆ. ಟರ್ಮಿನಲ್‌ನಲ್ಲಿ ಓಡಿಸಿದರೆ ಹೊಸ ಮೊತ್ತ, ಬ್ರೌಸರ್‌ನಲ್ಲಿ ಹಳೆಯದೇ. ಗ್ರಾಹಕರಿಗೆ ತಪ್ಪು ಬಿಲ್ ಹೋಗುತ್ತಿದೆ, ದಯವಿಟ್ಟು ಸಹಾಯ ಮಾಡಿ.

ಉತ್ತರ:
ಎರಡೂ ಕಡೆ ಒಂದೇ ಫೈಲ್ ತಾನೇ? ಅದರ ಪೂರ್ತಿ ಪಾತ್ ಪ್ರಿಂಟ್ ಮಾಡಿ ನೋಡಿ.

ಪ್ರಶ್ನೆ ಕೇಳಿದವರು:
ಬ್ರೌಸರ್‌ನಲ್ಲಿ ಪಾತ್ ಪ್ರಿಂಟ್ ಮಾಡಲು ಹಾಕಿದ ಹೊಸ ಸಾಲೇ ಬರುತ್ತಿಲ್ಲ.

ಇನ್ನೊಂದು ಉತ್ತರ:
ಹಾಗಾದರೆ ಪಿಎಚ್‌ಪಿಯದೇ ಕ್ಯಾಶ್ ಆದ ಓಪಿಕ್ಯಾಶ್ (OPcache) ಇರಬೇಕು. ಕಂಪೈಲ್ ಆದ ಕೋಡನ್ನು ಅದು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಟರ್ಮಿನಲ್‌ಗೆ ಡೀಫಾಲ್ಟ್ ಆಗಿ ಆಫ್ ಇರುತ್ತದೆ, ಅದಕ್ಕೇ ಅಲ್ಲಿ ಹೊಸದು ಕಂಡಿದ್ದು. ವ್ಯಾಲಿಡೇಟ್ ಟೈಮ್‌ಸ್ಟ್ಯಾಂಪ್ಸ್ ಸೆಟ್ಟಿಂಗ್ 0 ಇದ್ದರೆ, ಫೈಲ್ ಬದಲಾಗಿದೆಯಾ ಅಂತ ಅದು ನೋಡುವುದೇ ಇಲ್ಲ. ವೆಬ್ ಸರ್ವರ್‌ಗಾಗಿ ಪಿಎಚ್‌ಪಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂ ಅನ್ನು ರೀಲೋಡ್ ಮಾಡಿ, ಮೆಮೊರಿಯಲ್ಲಿರುವ ಹಳೆಯ ಕೋಡ್ ಹೋಗುತ್ತದೆ. ವೇಗಕ್ಕೆ 0 ಒಳ್ಳೆಯದೇ, ಹಾಗೇ ಇರಲಿ. ಹೊಸ ಕೋಡನ್ನು ಸರ್ವರ್‌ಗೆ ಹಾಕುವ ಡಿಪ್ಲಾಯ್ ಸ್ಕ್ರಿಪ್ಟಿನ ಕೊನೆಗೆ ರೀಲೋಡ್ ಸೇರಿಸಿಬಿಡಿ.

ಪ್ರಶ್ನೆ ಕೇಳಿದವರು:
0 ಇತ್ತು! ರೀಲೋಡ್ ಆದ ಕೂಡಲೇ ಮೊತ್ತ ಸರಿಯಾಯಿತು. ತುಂಬಾ ಥ್ಯಾಂಕ್ಸ್.